ಫಾಲ್‌ಬ್ಯಾಕ್ ಫಾಂಟ್: ಕೇಳಿದ್ದು ಒಂದು, ಕಾಣೋದು ಇನ್ನೊಂದು

ವೆಬ್ ಪುಟದ ಕೋಡ್‌ನಲ್ಲಿ ಏರಿಯಲ್ ಅಂತ ಬರೆದಿದೆ, ಪುಟದಲ್ಲಿ ಕನ್ನಡವೂ ಚೆನ್ನಾಗಿಯೇ ಕಾಣುತ್ತಿದೆ. ಹಾಗಾದರೆ ಅದು ಏರಿಯಲ್ ಕನ್ನಡವಾ? ಅಂಥದ್ದೊಂದು ಇಲ್ಲವೇ ಇಲ್ಲ. ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಕೇಳಿದ ಫಾಂಟ್‌ನಲ್ಲಿ ಅಕ್ಷರ ಸಿಗದಿದ್ದಾಗ ಕಂಪ್ಯೂಟರ್ ತನ್ನಲ್ಲಿರುವ ಬೇರೊಂದು ಫಾಂಟ್‌ನಿಂದ ಅದನ್ನು ತಂದು ತೋರಿಸುತ್ತದೆ. ಹಾಗೆ ಬದಲಿಗೆ ಬಂದದ್ದೇ ಫಾಲ್‌ಬ್ಯಾಕ್ ಫಾಂಟ್. ಯಾವುದೂ ಸಿಗದಿದ್ದರೆ ಬರೀ ಖಾಲಿ ಚೌಕಗಳು.

ಈ ಬದಲಿ ಎಲ್ಲ ಕಡೆ ಒಂದೇ ಅಲ್ಲ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಗೂಗಲ್‌ನ ನೋಟೊ ಫಾಂಟ್ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಂತೂ ತುಂಗಾವನ್ನು ಬೇಕಾದವರು ಮಾತ್ರ ಹಾಕಿಕೊಳ್ಳುವ ಹೆಚ್ಚುವರಿ ಫಾಂಟ್‌ಗಳ ಪಟ್ಟಿಗೆ ತಳ್ಳಿಬಿಟ್ಟರು. ಹಾಗಾಗಿ ತುಂಗಾದಲ್ಲಿ ಮಾಡಿದ ಹಳೆಯ ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ ಹೆಸರು ತುಂಗಾ ಅಂತಲೇ ಇರಬಹುದು, ಅಕ್ಷರ ಮಾತ್ರ ಬೇರೆ, ಸಾಲು ಮುರಿಯುವ ಜಾಗವೂ ಬೇರೆ, ಹತ್ತು ಪುಟದ್ದು ಹನ್ನೊಂದಾದರೂ ಆಶ್ಚರ್ಯವಿಲ್ಲ.

ನಿಜಕ್ಕೂ ಯಾವ ಫಾಂಟ್ ಅಂತ ಪತ್ತೆ ಮಾಡೋದು ಕಷ್ಟವಲ್ಲ. ಕ್ರೋಮ್‌ನಲ್ಲಿ ಪದದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಕಂಪ್ಯೂಟೆಡ್ ಟ್ಯಾಬ್‌ನ ಕೊನೆಯಲ್ಲಿ ರೆಂಡರ್ಡ್ ಫಾಂಟ್ಸ್ ಅಂತ ಇರುತ್ತದೆ. ನಂಬಬೇಕಾದ್ದು ಅದನ್ನು. ಪಿಡಿಎಫ್ ಆದರೆ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಟ್ಯಾಬ್ ನೋಡಿ. ಎಂಬೆಡೆಡ್ ಅಂತ ಇದ್ದರೆ ಫಾಂಟ್ ಕಡತದೊಳಗೇ ಇದೆ, ಎಲ್ಲಿ ತೆರೆದರೂ ಅದೇ ಅಕ್ಷರ. ಅಲ್ಲಿ ಹಳೆಯ ನುಡಿ ಫಾಂಟ್‌ನ ಹೆಸರಿದ್ದರೆ ಅದು ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲಿ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ್ದೂ ಇರಬಹುದು. ಒಂದು ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಇಂಗ್ಲಿಷ್ ಅಕ್ಷರಗಳ ಗೋಜಲು ಬಿದ್ದರೆ ಅದು ಯುನಿಕೋಡ್ ಅಲ್ಲ, ಅನುಮಾನವೇ ಬೇಡ.

ಚಿತ್ರ ಮಾತ್ರ ಇದ್ದರೆ ಕಣ್ಣೇ ಗತಿ. ಅನುಮಾನ ಇರುವ ಫಾಂಟ್‌ಗಳಲ್ಲಿ ಅದೇ ಪದ ಟೈಪ್ ಮಾಡಿ ಪಕ್ಕದಲ್ಲಿಟ್ಟು ನೋಡಿ. ತಲೆಕಟ್ಟಿನ ತುದಿ ಹೇಗೆ ಮುಗಿಯುತ್ತದೆ, ಗೆರೆ ಎಲ್ಲ ಕಡೆ ಒಂದೇ ದಪ್ಪವಾ ಅಂತ ಗಮನಿಸಿ. ನೋಟೊ ಸೆರಿಫ್‌ನಲ್ಲಿ ಗೆರೆ ದಪ್ಪ–ತೆಳು ಆಗುತ್ತದೆ, ‘ಬಲೂ ತಮ್ಮ’ ಎಂಬ ಫಾಂಟ್ ದುಂಡುದುಂಡಗೆ ಇರುತ್ತದೆ.

ಫಾಂಟ್ ಕೆಲಸಕ್ಕೆ ಬರುತ್ತದಾ ಅಂತ ನೋಡಲು ‘ಅಆಇಈ’ ಬರೆದು ಪ್ರಯೋಜನವಿಲ್ಲ, ಎಲ್ಲವೂ ಅದರಲ್ಲಿ ಪಾಸಾಗುತ್ತವೆ. ‘ಸ್ತ್ರೀ’ ಬರೆಯಿರಿ. ಎರಡು ಒತ್ತು ಬರಬೇಕು, ಸಾಲುಗಳ ಅಂತರ ಕಡಿಮೆಯಾದರೆ ಕೆಳಗಿನ ತುದಿ ಕತ್ತರಿಸಿ ಹೋಗುತ್ತದೆ. ಆಮೇಲೆ ‘ಸೂರ್ಯ’ ಮತ್ತು ‘ರ‍್ಯಾಂಕ್’ ಒಟ್ಟಿಗೆ ಬರೆಯಿರಿ. ಮೊದಲನೆಯದಕ್ಕೆ ಅರ್ಕಾವತ್ತು, ಎರಡನೆಯದಕ್ಕೆ ಪೂರ್ತಿ ‘ರ’ ಮತ್ತು ಅದಕ್ಕೆ ಯ ಒತ್ತು. ಎರಡನೆಯದನ್ನು ಟೈಪ್ ಮಾಡುವಾಗ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು, ಫಾಂಟ್‌ಗೂ ಅದು ಅರ್ಥವಾಗಬೇಕು. ಇಲ್ಲೇ ಕೆಲವು ಮುಗ್ಗರಿಸೋದು.

ಪರವಾನಗಿ ವಿಷಯ ಸುಮಾರು ಜನ ನೋಡುವುದೇ ಇಲ್ಲ. ನೋಟೊ, ಬಲೂ ತಮ್ಮ ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಪುಸ್ತಕಕ್ಕೂ ವ್ಯಾಪಾರಕ್ಕೂ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ ಅಷ್ಟೆ. ನಿರ್ಮಲಾ ಯುಐ ವಿಂಡೋಸ್ ಜೊತೆ ಬಂದದ್ದು. ಅದರಲ್ಲಿ ಪತ್ರ ಬರೆದು ಪ್ರಿಂಟ್ ತೆಗೆಯಲು ತೊಂದರೆಯಿಲ್ಲ, ಆದರೆ ಫಾಂಟ್ ಕಡತವನ್ನು ಎತ್ತಿಕೊಂಡು ನಿಮ್ಮ ವೆಬ್‌ಸೈಟ್‌ಗೆ ಏರಿಸಬೇಕೆಂದರೆ ಬೇರೆ ಪರವಾನಗಿ ಬೇಕು.