ಪದ ಪರಿಚಯ: ಫ್ಯಾನ್ ಥಿಯರಿ

ಕಥೆಯೊಂದು ಹೇಳದೆ ಬಿಟ್ಟ ಜಾಗಕ್ಕೆ ನೋಡುಗರೇ ಕಟ್ಟಿಕೊಳ್ಳುವ ವಿವರಣೆಗೆ ಫ್ಯಾನ್ ಥಿಯರಿ ಎಂದು ಹೆಸರು. ‘ನನಗೆ ಹಾಗೆ ಅನ್ನಿಸಿತು’ ಎಂದರೆ ಅದು ಅಭಿಪ್ರಾಯ, ಥಿಯರಿಯಲ್ಲ. ಇಂಥ ಕಂತಿನಲ್ಲಿ ಇವನು ಈ ಮಾತು ಆಡಿದ, ಹಿಂದಿನ ಗೋಡೆಯ ಮೇಲೆ ಈ ಚಿತ್ರವಿತ್ತು, ಹಾಗಾಗಿ ನಡೆದದ್ದು ಇದೇ ಎಂದು ಕೃತಿಯೊಳಗಿನ ಸಾಕ್ಷಿಯನ್ನೇ ಮುಂದಿಟ್ಟು ವಾದಿಸಿದಾಗ ಅದು ಥಿಯರಿಯಾಗುತ್ತದೆ. ಮುಂದಿನ ವಾರ ಏನಾಗಬಹುದು ಎಂಬ ಊಹೆಯೂ ಇದಕ್ಕೆ ಹತ್ತಿರದ್ದೇ, ಆದರೆ ಅದರ ಆಯುಸ್ಸು ಒಂದು ವಾರ. ಥಿಯರಿ ಕಥೆ ಮುಗಿದ ಮೇಲೂ ಉಳಿಯುತ್ತದೆ. ಎಷ್ಟೋ ಸಲ ಕಥೆ ಮುಗಿದ ರಾತ್ರಿಯೇ ಅದು ಹುಟ್ಟುವುದೂ ಉಂಟು.

ಈ ಪದದ ಪೂರ್ತಿ ವ್ಯಾಪ್ತಿಯನ್ನು ತಿಳಿಯಲು 2017ರಲ್ಲಿ ಮರಳಿ ಬಂದ ‘ಟ್ವಿನ್ ಪೀಕ್ಸ್’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಧಾರಾವಾಹಿಯನ್ನು ಇನ್ನೂ ನೋಡದವರಿಗೆ ಒಂದು ಮಾತು: ಕೊನೆಯ ದೃಶ್ಯವನ್ನು ಹೇಳದೆ ಈ ಪದವನ್ನು ವಿವರಿಸಲಾಗದು, ಹಾಗಾಗಿ ಮುಂದೆ ಅದೂ ಬರುತ್ತದೆ.

ಮೊದಲ ‘ಟ್ವಿನ್ ಪೀಕ್ಸ್’ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1990ರ ಏಪ್ರಿಲ್ 8ರಂದು ಶುರುವಾಯಿತು. ಕಟ್ಟಿದವರು ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್. ವಾಷಿಂಗ್ಟನ್ ರಾಜ್ಯದ ಒಂದು ಕಾಲ್ಪನಿಕ ಊರು, ಮರ ಕಡಿದು ಕೊಯ್ಯುವುದೇ ಅಲ್ಲಿನ ಕಸುಬು. ಅಲ್ಲಿನ ಶಾಲಾ ಹುಡುಗಿ ಲಾರಾ ಪಾಮರ್‌ಳ ಹೆಣ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ನೀರಿನ ದಡಕ್ಕೆ ಬಂದು ಬೀಳುತ್ತದೆ. ತನಿಖೆಗೆ ಬರುವವನು ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್. ‘ಲಾರಾಳನ್ನು ಕೊಂದವರು ಯಾರು’ ಎಂಬ ಪ್ರಶ್ನೆ ದೇಶದ ತುಂಬ ಹಬ್ಬಿತು. ಯೂಸ್‌ನೆಟ್‌ನಂಥ ಆರಂಭದ ದಿನಗಳ ಕಂಪ್ಯೂಟರ್ ಜಾಲದಲ್ಲಿ ಸೇರಿದ ನೋಡುಗರು ಕಂತುಗಳನ್ನು ವಿಸಿಆರ್‌ನಲ್ಲಿ ಹಿಡಿದಿಟ್ಟು, ನಿಲ್ಲಿಸಿ ನಿಲ್ಲಿಸಿ ನೋಡಿ, ಕಂಡದ್ದನ್ನು ಪರಸ್ಪರ ಬರೆದು ತಿಳಿಸುತ್ತಿದ್ದರು. ಇಂದು ನಾವು ಫ್ಯಾನ್ ಥಿಯರಿ ಎನ್ನುವ ಅಭ್ಯಾಸ ರೂಢಿಗೆ ಬಂದ ಜಾಗಗಳಲ್ಲಿ ಅದೂ ಒಂದು.

ಆದರೆ ಆ ಕಾಲದ ಪ್ರಶ್ನೆಗೆ ಉತ್ತರವಿತ್ತು. ವಾಹಿನಿಯ ಒತ್ತಾಯ ಹೆಚ್ಚಿ 1990ರ ನವೆಂಬರ್‌ನಲ್ಲಿ ಕೊಲೆಗಾರನನ್ನು ತೋರಿಸಬೇಕಾಯಿತು: ಲಾರಾಳ ತಂದೆ ಲೀಲ್ಯಾಂಡ್, ಅವನನ್ನು ಆವರಿಸಿದ್ದ ಬಾಬ್ ಎಂಬ ದುಷ್ಟಶಕ್ತಿಯ ಜೊತೆ. ಉತ್ತರ ಸಿಕ್ಕಿದ ಮೇಲೆ ನೋಡುಗರು ಕರಗಿದರು, ಧಾರಾವಾಹಿ 1991ರ ಜೂನ್‌ನಲ್ಲಿ ನಿಂತಿತು. ಆ ಗುಟ್ಟನ್ನು ಬಿಚ್ಚಲು ತನಗೆ ಮನಸ್ಸೇ ಇರಲಿಲ್ಲ ಎಂದು ಲಿಂಚ್ ಆಮೇಲೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡರು. 2017ರಲ್ಲಿ ಮರಳಿ ಬಂದ ಸರಣಿಯನ್ನು ನೋಡುವಾಗ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಎರಡನೇ ಸಲ ಅವರು ಯಾವ ಉತ್ತರವನ್ನೂ ಯಾರ ಕೈಗೂ ಕೊಡಲಿಲ್ಲ.

1991ರ ಕೊನೆಯ ಕಂತಿನಲ್ಲಿ ಕೆಂಪು ಪರದೆಗಳ ಕೋಣೆಯಲ್ಲಿ ಕುಳಿತ ಲಾರಾ ಕೂಪರ್‌ಗೆ, 25 ವರ್ಷಗಳ ನಂತರ ಮತ್ತೆ ಸಿಗುತ್ತೇನೆ ಎನ್ನುತ್ತಾಳೆ. ಆ ಮಾತು ಬಹುಮಟ್ಟಿಗೆ ನಿಜವೇ ಆಯಿತು. 2017ರ ಮೇ 21ರಂದು ಶೋಟೈಮ್ ವಾಹಿನಿಯಲ್ಲಿ ಹೊಸ ಸರಣಿ ಆರಂಭವಾಯಿತು. ಒಟ್ಟು 18 ಕಂತು, ಎಲ್ಲವನ್ನೂ ಲಿಂಚ್ ಅವರೇ ನಿರ್ದೇಶಿಸಿದರು. ಅಭಿಮಾನಿಗಳು ಕಾದಿದ್ದು ಕಾಫಿ ಹೀರುತ್ತ, ಚೆರ್ರಿ ಪೈ ಸವಿಯುತ್ತ ನಗುವ ಆ ಹಳೆಯ ಕೂಪರ್‌ಗಾಗಿ. ಬಂದವನು ಡಗಿ ಜೋನ್ಸ್: ಕೂಪರನದೇ ದೇಹ, ಆದರೆ ಎದುರಿನವರ ಕೊನೆಯ ಪದವನ್ನಷ್ಟೇ ಮರುನುಡಿಯುವ, ಲಿಫ್ಟ್ ಹತ್ತುವುದೂ ತಿಳಿಯದ ಮನುಷ್ಯ. ನಿಜವಾದ ಕೂಪರ್ ಎಚ್ಚರಗೊಳ್ಳುವುದು 16ನೇ ಕಂತಿನಲ್ಲಿ. ಅಲ್ಲಿಯವರೆಗೆ ಒಂದು ಗುಂಪು ಸಿಟ್ಟಾಯಿತು, ಇನ್ನೊಂದು ಗುಂಪು ಈ ನಿಧಾನವನ್ನೇ ಪ್ರೀತಿಸತೊಡಗಿತು. ಏಳನೇ ಕಂತಿನಲ್ಲಿ ಒಬ್ಬ ಕೆಲಸಗಾರ ಬಾರ್‌ನ ನೆಲ ಗುಡಿಸುತ್ತಾನೆ. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಅದೇ ನಡೆಯುತ್ತದೆ, ಕ್ಯಾಮೆರಾ ಕದಲುವುದಿಲ್ಲ. ನಾನು ಎರಡನೆಯ ಗುಂಪಿನವನು. ಆ ಗುಡಿಸುವಿಕೆಯನ್ನು ಸಹನೆಯಿಂದ ನೋಡಿದವರಿಗೇ ಇದರ ಉಳಿದ ಭಾಗ ದಕ್ಕುತ್ತದೆ ಎಂದು ನಂಬಿದ್ದೇನೆ.

ಜೂನ್ 25ರಂದು ಎಂಟನೇ ಕಂತು ಬಂತು. ಅದರ ಬಹುಭಾಗ ಕಪ್ಪುಬಿಳುಪು, ಮಾತು ತೀರಾ ಕಡಿಮೆ. 1945ರ ಜುಲೈ 16ರ ನಸುಕಿನಲ್ಲಿ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬ್ ಪರೀಕ್ಷೆಯ ಬೆಂಕಿಯೊಳಕ್ಕೇ ಕ್ಯಾಮೆರಾ ನುಗ್ಗುತ್ತದೆ. ಹಿನ್ನೆಲೆಯಲ್ಲಿ ಹಿರೋಶಿಮಾದಲ್ಲಿ ಮಡಿದವರಿಗಾಗಿ ಪೋಲೆಂಡಿನ ಪೆಂಡೆರೆಟ್ಸ್ಕಿ ರಚಿಸಿದ ಶೋಕಸಂಗೀತ. ಆ ಬೆಂಕಿಯಿಂದ ಬಾಬ್ ಹೊರಬೀಳುತ್ತಾನೆ. ಬೇರೆಲ್ಲೋ ಒಂದು ಅರಮನೆಯಂಥ ಕಟ್ಟಡದಲ್ಲಿ ಎತ್ತರದ ಮನುಷ್ಯನೊಬ್ಬ, ಅದಕ್ಕೆ ಉತ್ತರವೆಂಬಂತೆ, ಲಾರಾಳ ಮುಖವಿರುವ ಬಂಗಾರದ ಗೋಳವೊಂದನ್ನು ಲೋಕಕ್ಕೆ ಕಳಿಸುತ್ತಾನೆ. 1956ಕ್ಕೆ ಕಥೆ ಜಿಗಿಯುತ್ತದೆ. ಮೊಟ್ಟೆಯೊಡೆದು ಬಂದ ಕಪ್ಪೆ-ಹುಳುವಿನಂಥ ಜೀವಿ ನಿದ್ದೆಯಲ್ಲಿರುವ ಹುಡುಗಿಯೊಬ್ಬಳ ಬಾಯೊಳಗೆ ತೆವಳಿ ಹೋಗುತ್ತದೆ. ಹುಡುಗಿಯ ಹೆಸರನ್ನು ಧಾರಾವಾಹಿ ಹೇಳುವುದಿಲ್ಲ. ಮುಂದಿನ ಕಂತಿಗೆ ಎರಡು ವಾರ ಬಿಡುವು ಇತ್ತು. ಆ ಎರಡು ವಾರ ಅಭಿಮಾನಿಗಳು ನಿದ್ದೆಗೆಟ್ಟು ಬರೆದರು.

ಆ ಹುಡುಗಿ ಯಾರು ಎಂಬ ಚರ್ಚೆಯಲ್ಲಿ ಥಿಯರಿಯೊಂದು ಹೇಗೆ ಬಲಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಆಕೆ ಲಾರಾಳ ತಾಯಿ ಸಾರಾ ಇರಬೇಕು ಎಂದು ಕೆಲವರು ಹೇಳಿದರು. ಆಗ ಅವರ ಬಳಿ ಇದ್ದದ್ದು ವಯಸ್ಸಿನ ಲೆಕ್ಕ ಮತ್ತು ಬಿಳಿ ಕುದುರೆ. ಅದೇ ಎಂಟನೇ ಕಂತಿನಲ್ಲಿ ರೇಡಿಯೊ ನಿಲಯಕ್ಕೆ ನುಗ್ಗಿದ, ಮೈಯೆಲ್ಲ ಮಸಿ ಮೆತ್ತಿದ ಮನುಷ್ಯ ಮತ್ತೆ ಮತ್ತೆ ಹೇಳುವ ಸಾಲುಗಳಲ್ಲಿ ಕುದುರೆಯ ಮಾತು ಬರುತ್ತದೆ, ಹಳೆಯ ಸರಣಿಯಲ್ಲಿ ಸಾರಾಳಿಗೆ ಬಿಳಿ ಕುದುರೆ ಕಾಣಿಸಿಕೊಂಡಿತ್ತು. ಇಷ್ಟು ಸಾಕ್ಷಿ ತೆಳುವೇ. 14ನೇ ಕಂತಿನಲ್ಲಿ ಬಾರ್‌ನಲ್ಲಿ ಕುಳಿತ ಸಾರಾ ತನ್ನ ಮುಖವನ್ನೇ ಮುಖವಾಡದಂತೆ ಕಳಚಿ ಒಳಗಿನ ಕತ್ತಲೆಯನ್ನು ತೋರಿಸಿದಾಗ ವಾದಕ್ಕೆ ತೂಕ ಬಂತು. ಅಕ್ಟೋಬರ್ ಕೊನೆಯಲ್ಲಿ ಹೊರಬಂದ ಮಾರ್ಕ್ ಫ್ರಾಸ್ಟ್ ಅವರ ಪುಸ್ತಕ ಸಾರಾಳ ಬಾಲ್ಯವನ್ನು ನ್ಯೂ ಮೆಕ್ಸಿಕೊದಲ್ಲಿಯೇ ಇಟ್ಟು ಸುಳಿವನ್ನು ಇನ್ನಷ್ಟು ಗಟ್ಟಿ ಮಾಡಿತು. ಇಲ್ಲಿಯೇ ಇನ್ನೊಂದು ಪದವೂ ಬರುತ್ತದೆ: ಕ್ಯಾನನ್. ಕಥೆಯ ಅಧಿಕೃತ ಭಾಗ ಯಾವುದು ಎಂಬ ಎಲ್ಲೆ ಅದು. ಪುಸ್ತಕದಲ್ಲಿರುವುದು ಕ್ಯಾನನ್ ಹೌದೋ ಅಲ್ಲವೋ ಎಂಬ ಜಗಳ ಇಂದಿಗೂ ತೀರಿಲ್ಲ. ಫ್ರಾಸ್ಟ್ ಸಹಲೇಖಕರಾದ್ದರಿಂದ ಹೌದು ಎನ್ನುವವರಿದ್ದಾರೆ, ತೆರೆಯ ಮೇಲೆ ಕಂಡದ್ದಷ್ಟೇ ಸತ್ಯ ಎನ್ನುವವರೂ ಇದ್ದಾರೆ.

ಸಾಕ್ಷಿ ಯಾವುದು, ಕಣ್ತಪ್ಪು ಯಾವುದು? ಏಳನೇ ಕಂತಿನ ಕೊನೆಯಲ್ಲಿ ಊರಿನ ಹೋಟೆಲಿನ ದೃಶ್ಯವಿದೆ. ಯುವಕನೊಬ್ಬ ಒಳಗೆ ಓಡಿಬಂದು ಬಿಲ್ಲಿಯನ್ನು ಕಂಡಿರಾ ಎಂದು ಕೇಳಿ ಹೊರಟುಹೋಗುತ್ತಾನೆ. ಒಂದು ಷಾಟ್‌ನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೇಜುಗಳಲ್ಲಿ ಕುಳಿತ ಗಿರಾಕಿಗಳು ಬದಲಾಗಿದ್ದಾರೆ. ಚಿತ್ರೀಕರಣದ ಸಾಮಾನ್ಯ ತಪ್ಪು ಎಂದು ತಳ್ಳಿಹಾಕಬಹುದಿತ್ತು. ಅಭಿಮಾನಿಗಳು ತಳ್ಳಿಹಾಕಲಿಲ್ಲ. ಎರಡು ಕಾಲರೇಖೆಗಳು ಒಂದರ ಮೇಲೊಂದು ಜಾರುತ್ತಿವೆ, ಯಾರೋ ಹಿಂದಿನದನ್ನು ತಿದ್ದುತ್ತಿದ್ದಾರೆ ಎಂದು ಅವರು ವಾದಿಸಿದರು. ಕೊನೆಯ ಎರಡು ಕಂತುಗಳಲ್ಲಿ ಕಾಲವೇ ಕಲಕಿಹೋದಾಗ ಆ ವಾದಕ್ಕೆ ಬೆಂಬಲ ಸಿಕ್ಕಂತಾಯಿತು. ಆದರೂ ಅದು ತಪ್ಪೋ ಉದ್ದೇಶವೋ ಎಂಬುದನ್ನು ಆ ದೃಶ್ಯವೊಂದೇ ಹೇಳಲಾರದು. ಹಳೆಯ ಸರಣಿಯ ಪಾತ್ರ ಆಡ್ರಿ ಹಾರ್ನ್‌ಳ ವಿಷಯವೂ ಹಾಗೆಯೇ. 12ನೇ ಕಂತಿನಲ್ಲಿ ಕಾಣಿಸಿಕೊಂಡ ಆಕೆ 16ನೆಯದರ ಕೊನೆಗೆ ಬಿಳಿ ಕೋಣೆಯೊಂದರಲ್ಲಿ ಕನ್ನಡಿ ನೋಡಿ ಬೆಚ್ಚುತ್ತಾಳೆ. ಕೋಮಾ, ಆಸ್ಪತ್ರೆ, ಬೇರೆ ಲೋಕ ಎಂದೆಲ್ಲ ಥಿಯರಿಗಳು ಬಂದವು. ಮತ್ತೆ ಅವಳು ತೆರೆಗೆ ಬರಲೇ ಇಲ್ಲ.

ಕೊನೆಯ ಎರಡು ಕಂತುಗಳು 2017ರ ಸೆಪ್ಟೆಂಬರ್ 3ರಂದು ಒಟ್ಟಿಗೆ ಪ್ರಸಾರವಾದವು. 17ರಲ್ಲಿ ಬಾಬ್ ನಾಶವಾಗುತ್ತಾನೆ. ಕಥೆ ಅಲ್ಲಿಯೇ ಮುಗಿಯಬಹುದಿತ್ತು. ಕೂಪರ್ ಅಷ್ಟಕ್ಕೆ ನಿಲ್ಲದೆ ಲಾರಾ ಸಾಯುವ 1989ರ ರಾತ್ರಿಗೇ ಹಿಂತಿರುಗಿ, ಕಾಡಿನಲ್ಲಿ ಅವಳ ಕೈಹಿಡಿದು ನಡೆಸಿಕೊಂಡು ಹೋಗುತ್ತಾನೆ. 1990ರ ಮೊದಲ ಕಂತಿನ ಅದೇ ದೃಶ್ಯ ಮತ್ತೆ ಬರುತ್ತದೆ, ಆದರೆ ದಡದಲ್ಲಿದ್ದ ಹೆಣ ಕಣ್ಣೆದುರೇ ಮಾಯವಾಗುತ್ತದೆ. ಅಂದು ಅದನ್ನು ಕಂಡು ಬೆಚ್ಚಿದ್ದ ಪೀಟ್ ಇಂದು ಸುಮ್ಮನೆ ಮೀನು ಹಿಡಿಯಲು ಹೋಗುತ್ತಾನೆ. ಕಾಡಿನಲ್ಲಿ ಕೂಪರ್‌ನ ಕೈಯಿಂದ ಲಾರಾ ಜಾರಿ ಕಾಣೆಯಾಗುತ್ತಾಳೆ, ಒಂದು ಚೀತ್ಕಾರ ಮಾತ್ರ ಕೇಳಿಸುತ್ತದೆ. 18ನೇ ಕಂತಿನಲ್ಲಿ ಅವನು ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಲಾರಾಳ ಮುಖವೇ ಇರುವ ಕ್ಯಾರಿ ಪೇಜ್ ಎಂಬ ಹೆಂಗಸನ್ನು ಹುಡುಕಿ, ರಾತ್ರಿಯಿಡೀ ಕಾರಿನಲ್ಲಿ ಕರೆದುಕೊಂಡು ಬಂದು ಪಾಮರ್ ಮನೆಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆದಾಕೆಗೆ ಸಾರಾ ಪಾಮರ್ ಯಾರೆಂದೇ ಗೊತ್ತಿಲ್ಲ. ಇಬ್ಬರೂ ಬೀದಿಗೆ ಇಳಿಯುತ್ತಾರೆ. ಇದು ಯಾವ ಇಸವಿ ಎಂದು ಕೂಪರ್ ಕೇಳುತ್ತಾನೆ. ಮನೆಯೊಳಗಿನಿಂದ ತಾಯಿ ‘ಲಾರಾ’ ಎಂದು ಕರೆದ ಹಾಗೆ ಸಣ್ಣಗೆ ಕೇಳುತ್ತದೆ. ಕ್ಯಾರಿ ಚೀರುತ್ತಾಳೆ, ಮನೆಯ ದೀಪಗಳು ಆರುತ್ತವೆ.

ಅಂದಿನಿಂದ ಥಿಯರಿಗಳ ಮಹಾಪೂರ. ಇದೆಲ್ಲ ಹಿರಿಯ ಶಕ್ತಿಗಳ ಯೋಜನೆ, ಜೂಡಿ ಎಂಬ ಕೇಡನ್ನು ಬೇರೊಂದು ಲೋಕಕ್ಕೆ ಸೆಳೆದು ಲಾರಾಳ ಚೀರಾಟದಿಂದಲೇ ಸುಟ್ಟುಹಾಕಲಾಯಿತು ಎಂಬುದು ಒಂದು. 2017ರ ಮೊದಲ ಕಂತಿನಲ್ಲಿ ಎತ್ತರದ ಮನುಷ್ಯ ಕೂಪರ್‌ಗೆ ಹೇಳುವ ಒಗಟಿನ ಸಾಲುಗಳಲ್ಲಿ ಒಂದೇ ಕಲ್ಲಿಗೆ ಎರಡು ಹಕ್ಕಿ ಎಂಬುದು ಇದಕ್ಕೆ ಆಧಾರ. ಬಾಗಿಲು ತೆರೆದಾಕೆಯ ಪಾತ್ರ ಮಾಡಿದವರು ಚಿತ್ರೀಕರಣ ನಡೆದ ಆ ಮನೆಯ ನಿಜವಾದ ಒಡತಿ. ಹಾಗಾಗಿ ಕೂಪರ್ ಕಥೆಯಿಂದ ಹೊರಬಿದ್ದು ನಮ್ಮ ಲೋಕಕ್ಕೇ ಬಂದುಬಿಟ್ಟ ಎಂಬುದು ಇನ್ನೊಂದು. ಕೊನೆಯ ಎರಡೂ ಕಂತುಗಳನ್ನು ಅಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ಓಡಿಸಿದರೆ ದೃಶ್ಯಗಳು ಒಂದಕ್ಕೊಂದು ಉತ್ತರಿಸುತ್ತವೆ ಎಂದು ಹಲವರು ಪರದೆ ಹಂಚಿ ತೋರಿಸಿದರು. ಯಾವ ಎರಡು ಚಿತ್ರಗಳನ್ನು ಜೋಡಿಸಿದರೂ ಕಣ್ಣು ಹೊಂದಿಕೆ ಹುಡುಕಿಕೊಳ್ಳುತ್ತದೆ, ಆದ್ದರಿಂದ ಇದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಯೂಟ್ಯೂಬ್‌ನಲ್ಲಿ ಬಂದ ನಾಲ್ಕೂವರೆ ಗಂಟೆಯ ವಿಡಿಯೊ, ಟ್ವಿನ್ ಪೀಕ್ಸ್ ಪೂರ್ತಿ ಟೆಲಿವಿಷನ್ನಿನ ಬಗ್ಗೆಯೇ, ಹಿಂಸೆಯನ್ನು ಮನರಂಜನೆಯಾಗಿ ಉಣ್ಣುವ ನಮ್ಮ ಚಟದ ಬಗ್ಗೆಯೇ ಇದೆ ಎಂದು ವಾದಿಸಿತು. ಇದರಲ್ಲಿ ನನಗೆ ಹುರುಳು ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಹರಡಿದ್ದು ಕನಸಿನ ಥಿಯರಿ. 14ನೇ ಕಂತಿನಲ್ಲಿ ಎಫ್‌ಬಿಐನ ಮೇಲಧಿಕಾರಿ ಗಾರ್ಡನ್ ಕೋಲ್ ತಾನು ಕಂಡ ಕನಸನ್ನು ಹೇಳುತ್ತಾನೆ. ಆ ಪಾತ್ರದಲ್ಲಿರುವವರು ಸ್ವತಃ ಲಿಂಚ್. ಕನಸು ಕಂಡು ಆ ಕನಸಿನೊಳಗೇ ಬದುಕುವವನ ಹಾಗೆ ನಾವು, ಆದರೆ ಕನಸು ಕಾಣುತ್ತಿರುವವರು ಯಾರು ಎಂಬ ಮಾತು ಅಲ್ಲಿ ಬರುತ್ತದೆ. ಇದು ನಮ್ಮ ಕಡೆಯಿಂದ ಹೋದ ಮಾತು. 1973ರಿಂದ ಮಹರ್ಷಿ ಮಹೇಶ ಯೋಗಿಗಳ ಧ್ಯಾನಪದ್ಧತಿಯನ್ನು ಅನುಸರಿಸಿದ ಲಿಂಚ್, ತಮ್ಮ ಹಿಂದಿನ ಚಿತ್ರವೊಂದರ ಪ್ರದರ್ಶನಗಳಿಗೆ ಮುನ್ನ ಜೇಡ ಮತ್ತು ಕನಸುಗಾರನ ಈ ಸಾಲುಗಳನ್ನು ಉಪನಿಷತ್ತಿನದೆಂದು ಓದುತ್ತಿದ್ದರು. ಅವರ ಬಳಿ ಇದ್ದದ್ದು ಇಂಗ್ಲಿಷಿನ ಸಡಿಲ ರೂಪ. ಆದರೆ ಬೃಹದಾರಣ್ಯಕದ ಎರಡನೇ ಅಧ್ಯಾಯವನ್ನು ತೆರೆದರೆ ಜೇಡವೂ ಸಿಗುತ್ತದೆ, ಕನಸೂ ಸಿಗುತ್ತದೆ. ಕಾಶಿಯ ರಾಜ ಅಜಾತಶತ್ರು ಮಲಗಿದವನೊಬ್ಬನನ್ನು ಎಬ್ಬಿಸಿ, ಇವನು ನಿದ್ದೆಯಲ್ಲಿದ್ದಾಗ ಎಲ್ಲಿದ್ದ, ಎಲ್ಲಿಂದ ಮರಳಿ ಬಂದ ಎಂದು ಗಾರ್ಗ್ಯನನ್ನು ಕೇಳುತ್ತಾನೆ. ಕನಸಿನಲ್ಲಿ ಮನುಷ್ಯ ಮಹಾರಾಜನಾಗಿ ತನ್ನ ಶರೀರದೊಳಗೇ ಇಷ್ಟಬಂದಂತೆ ಸಂಚರಿಸುತ್ತಾನೆ ಎನ್ನುತ್ತದೆ ಅಲ್ಲಿನ ಮಾತು. ಜೇಡ ತನ್ನ ನೂಲಿನ ಮೇಲೆ ಸಾಗುವ ಹೋಲಿಕೆ ಇರುವ ಮಂತ್ರ ಮುಗಿಯುವುದು ‘ಸತ್ಯಸ್ಯ ಸತ್ಯಂ’ ಎಂಬಲ್ಲಿ, ‘ಪ್ರಾಣಾ ವೈ ಸತ್ಯಂ’ ಎಂದು ಒತ್ತಿ ಹೇಳುತ್ತ. ಕನಸನ್ನು ಮುಂದಿಟ್ಟುಕೊಂಡು ಬದುಕನ್ನು ಬರೀ ಸುಳ್ಳೆಂದು ಅದು ತಳ್ಳಿಹಾಕುವುದಿಲ್ಲ.

ಎಷ್ಟೋ ಅಭಿಮಾನಿಗಳು ಎಡವಿದ್ದು ಇಲ್ಲಿಯೇ. ಎಲ್ಲವೂ ಕನಸು ಎಂದುಬಿಟ್ಟರೆ ಮನೆಯೊಳಗೆ ತಂದೆಯಿಂದಲೇ ವರ್ಷಗಟ್ಟಲೆ ನರಳಿದ ಹುಡುಗಿಯ ನೋವೂ ಕನಸಾಗಿಬಿಡುತ್ತದೆ. ಹಿರಿಯ ಶಕ್ತಿಗಳ ಯೋಜನೆ ಎಂದರೆ ಅವಳು ಕೇಡನ್ನು ಹಿಡಿಯುವ ಗಾಳದ ಎರೆಯಾಗುತ್ತಾಳೆ. ಫ್ಯಾನ್ ಥಿಯರಿಯೊಂದನ್ನು ತೂಗಲು ನನ್ನ ಅಳತೆ ಒಂದೇ: ಆ ವಿವರಣೆ ಒಪ್ಪಿದ ಮೇಲೂ ಲಾರಾ ಮನುಷ್ಯಳಾಗಿ ಉಳಿಯುತ್ತಾಳೆಯೇ? ಲಿಂಚ್ ಅವರೇ ಮಾಡಿದ 1992ರ ‘ಟ್ವಿನ್ ಪೀಕ್ಸ್’ ಚಲನಚಿತ್ರ ಅವಳ ಕೊನೆಯ ಏಳು ದಿನಗಳನ್ನು ತೋರಿಸಿತ್ತು. ಬಾಬ್‌ಗೆ ತನ್ನನ್ನು ಬಿಟ್ಟುಕೊಡದೆ ಅವಳು ಸತ್ತಳು, ಅದು ಅವಳದೇ ಗೆಲುವು. ಕೂಪರ್ ಹಿಂತಿರುಗಿ ಆ ಸಾವನ್ನು ಅಳಿಸಿದಾಗ ಆ ಗೆಲುವನ್ನೂ ಅಳಿಸಿದ. ನೋವು ಮಾತ್ರ ಅಳಿಯಲಿಲ್ಲ, ಅದು ಹೆಸರು ಮರೆತ ಹೆಂಗಸೊಬ್ಬಳೊಳಗೆ ಕಾದಿತ್ತು. ಒಳ್ಳೆಯ ಮನುಷ್ಯನೊಬ್ಬ ಎಲ್ಲವನ್ನೂ ಸರಿಪಡಿಸಬಲ್ಲೆ ಎಂದು ಹೊರಟು ಸೋತ ಕಥೆ ಇದು ಎನ್ನುವ ಥಿಯರಿಯನ್ನೇ ನಾನು ಒಪ್ಪುತ್ತೇನೆ. ಇದರಲ್ಲಿ ಆ ಚೀರಾಟಕ್ಕೆ ಕಾರಣ ಲಾರಾಳ ಬದುಕಿನಲ್ಲಿಯೇ ಇದೆ.

ಲಿಂಚ್ ಯಾವ ಥಿಯರಿಗೂ ಹೌದು ಅಲ್ಲ ಎನ್ನಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಫ್ರೆಂಚ್ ಪತ್ರಿಕೆ ‘ಕಾಯೆ ದು ಸಿನೆಮಾ’ ಈ 18 ಕಂತುಗಳನ್ನು ಆ ದಶಕದ ಅತ್ಯುತ್ತಮ ಚಿತ್ರವೆಂದು ಆರಿಸಿದೆ, ಹೊಸಬರು ಇಂದಿಗೂ ನೋಡುತ್ತಿದ್ದಾರೆ. ಹೊಸದಾಗಿ ನೋಡುವವರು ಮೊದಲ ಎರಡು ಸರಣಿ, ಆಮೇಲೆ 1992ರ ಚಿತ್ರ, ನಂತರ 2017ರ ಕಂತುಗಳು ಎಂಬ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಚಲನಚಿತ್ರವನ್ನು ಬಿಟ್ಟವರಿಗೆ ಕೊನೆಯ ದೃಶ್ಯ ಬರೀ ಒಗಟಾಗಿ ಕಾಣುತ್ತದೆ. ಥಿಯರಿಗಳನ್ನು 18ನೇ ಕಂತು ಮುಗಿಯುವ ತನಕ ಓದಬೇಡಿ.