ಟಾನಿಕ್ ಕುಡಿದರೂ ರಕ್ತ ಏರದಿದ್ದರೆ ಅಪ್ಪನ ಕೆಲಸ ಕೇಳಿ

ಎರಡು ವರ್ಷದ ಮಗು. ರಕ್ತ ಕಡಿಮೆ, ಆಗಾಗ ಹೊಟ್ಟೆನೋವು, ಮಲಬದ್ಧತೆ, ಮಾತೂ ತಡ. ಜಂತುಹುಳದ ಔಷಧಿ ಆಯಿತು, ಮೂರು ತಿಂಗಳು ಕಬ್ಬಿಣದ ಟಾನಿಕ್ ಆಯಿತು, ಹಿಮೋಗ್ಲೋಬಿನ್ ಮಾತ್ರ ಏರಿಲ್ಲ. ಟಾನಿಕ್ಕನ್ನು ಹಾಲಿನ ಜೊತೆ ಕೊಟ್ಟರಾ, ನಡುವೆ ಬಿಟ್ಟರಾ ಎಂದು ಮೊದಲು ವಿಚಾರಿಸಬೇಕು. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ. ಅದೆಲ್ಲ ಸರಿಯಿದ್ದರೆ ಮುಂದಿನ ಪ್ರಶ್ನೆ: ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತಾರಾ?

ದಾವಣಗೆರೆ, ಚಿತ್ರದುರ್ಗ ಎರಡೂ ಹೆದ್ದಾರಿಯ ಊರುಗಳು. ಲಾರಿ, ಟ್ರ್ಯಾಕ್ಟರ್, ಯುಪಿಎಸ್ ಎಲ್ಲಕ್ಕೂ ಹೆಚ್ಚಾಗಿ ಸೀಸದ ಬ್ಯಾಟರಿಯೇ. ಹಳೆಯದನ್ನು ಒಡೆದಾಗ ಪ್ಲೇಟಿನಿಂದ ಉದುರುವ ಪುಡಿ ಸೀಸದ ಆಕ್ಸೈಡ್ ಮತ್ತು ಸಲ್ಫೇಟ್. ಒಣಗಿದರೆ ಅದು ಹಿಟ್ಟಿನಂತೆ ಹಾರಿ ಪ್ಯಾಂಟಿನ ಮಡಿಕೆ, ತಲೆಗೂದಲು, ಬೈಕ್ ಸೀಟಿನಲ್ಲಿ ಕೂತು ಮನೆ ಸೇರುತ್ತದೆ. ನೆಲದ ಮೇಲೆ ಆಡುವ ಮಗು ಅದೇ ಕೈ ಬಾಯಿಗಿಡುತ್ತದೆ. ಒಳಗೆ ಹೋದ ಸೀಸವನ್ನು ಮಗುವಿನ ಕರುಳು ದೊಡ್ಡವರಿಗಿಂತ 4–5 ಪಟ್ಟು ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು.

ಸೀಸ ಹಿಮೋಗ್ಲೋಬಿನ್ ತಯಾರಿಯನ್ನೇ ತಡೆಯುತ್ತದೆ. ಮೆದುಳಿನಲ್ಲಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಕ್ಕೆ ಅಡ್ಡ ಬರುತ್ತದೆ. ಬುದ್ಧಿಮಟ್ಟ, ಗಮನ, ಕಲಿಕೆ ಕುಗ್ಗುತ್ತವೆ. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ.

ರಕ್ತಕಣ ಎಣಿಸುವ ಮಾಮೂಲಿ ಪರೀಕ್ಷೆ ಸಿಬಿಸಿಯಲ್ಲಿ ಸೀಸ ಗೊತ್ತಾಗುವುದಿಲ್ಲ. ರಕ್ತದ ಸೀಸದ ಪರೀಕ್ಷೆ ಎಂದೇ ಚೀಟಿಯಲ್ಲಿ ಬರೆಯಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಧೂಳು ಸೇರಿ ಸುಳ್ಳು ಅಂಕಿ ಬರಬಹುದು, ಹಾಗಾಗಿ ರಕ್ತನಾಳದಿಂದಲೇ ತೆಗೆಸಿ. ಒಂದು ಡೆಸಿಲೀಟರ್ (100 ಮಿಲಿ) ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸದ ಮೂಲ ಹುಡುಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕ 2021ರಿಂದ 3.5ಕ್ಕೇ ಎಚ್ಚರವಾಗುತ್ತದೆ. ಸೀಸ ಹೊರಹಾಕುವ ಔಷಧಿ ಸಾಮಾನ್ಯವಾಗಿ 45 ಮುಟ್ಟಿದವರಿಗೆ. ಕೆಳಗಿನ ಮಟ್ಟದಲ್ಲಿ ಅದು ಅಂಕಿ ಇಳಿಸುತ್ತದೆ, ಕುಗ್ಗಿದ ಬುದ್ಧಿಮಟ್ಟವನ್ನು ಮರಳಿಸುವುದಿಲ್ಲ.

ಹಾಗಾಗಿ ನಿಜವಾದ ಚಿಕಿತ್ಸೆ ಧೂಳು ತಡೆಯುವುದೇ. ಕೆಲಸದ ಬಟ್ಟೆ, ಚಪ್ಪಲಿ ಅಂಗಡಿಯಲ್ಲೇ ಇರಲಿ; ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆ ಬೇರೆ ಒಗೆಯಿರಿ, ಕೊಡವಬೇಡಿ. ಪೊರಕೆ ಧೂಳೆಬ್ಬಿಸುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆ ಹಿತ್ತಲಲ್ಲಿ ಸೀಸ ಕರಗಿಸುವುದಂತೂ ಕೂಡದೇ ಕೂಡದು. ಬ್ಯಾಟರಿ ಕೆಲಸ ಇಲ್ಲದ ಮನೆಯಾದರೆ ಕಾಡಿಗೆ, ಸುರ್ಮಾ, ಹಿತ್ತಾಳೆ ಪಾತ್ರೆಯ ಕಳಪೆ ಕಲಾಯಿ, ಉದುರುವ ಹಳೇ ಪೇಂಟ್ ನೋಡಿ. ನಮ್ಮ ದೇಶದಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಯಾದದ್ದು 2017ರಲ್ಲಿ.

ಮೂಳೆಯಲ್ಲಿ ಕೂತ ಸೀಸ ರಕ್ತಕ್ಕೆ ಮರಳುತ್ತಿರುತ್ತದೆ, ಒಂದು ಪರೀಕ್ಷೆಗೆ ನಿಲ್ಲಿಸಬೇಡಿ. ಒಡಹುಟ್ಟಿದವರ ರಕ್ತವನ್ನೂ ಕಳಿಸಿ. ತಾಯಿ ಬಸುರಿಯಾಗಿದ್ದರೆ ಅವರದ್ದೂ, ಏಕೆಂದರೆ ಸೀಸ ಮಾಸು ದಾಟಿ ಹೊಟ್ಟೆಯ ಕೂಸಿಗೂ ಹೋಗುತ್ತದೆ.