ತುಂಬಿಟ್ಟ ನೀರು ಕೆಡುತ್ತದಾ?

ಪ್ರಶ್ನೆ: ಪ್ರವಾಹ, ಭೂಕಂಪದಂಥ ಹೊತ್ತಿಗೆ ಇರಲಿ ಅಂತ ನೀರು ತುಂಬಿಡಿ ಅನ್ನುತ್ತಾರೆ. ನಾವು ಮನೆಯಲ್ಲಿ ನಾಲ್ಕು ಜನ. ಎಷ್ಟು ಬೇಕು? ಇಟ್ಟ ನೀರು ಕೆಡುವುದಿಲ್ಲವೇ?

ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ಕುಡಿಯಲು, ಅಡುಗೆಗೆ, ಕೈಬಾಯಿ ತೊಳೆಯಲು ಎಲ್ಲಾ ಸೇರಿ. ಕನಿಷ್ಠ 3 ದಿನಕ್ಕಾದರೂ ಇರಲಿ, ಅಂದರೆ ನಿಮಗೆ 48 ಲೀಟರ್. ಬಿಸಿಲ ಕಾಲವಾದರೆ, ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದರೆ ಇನ್ನೂ ಜಾಸ್ತಿ. ಸ್ನಾನ ಇದರಲ್ಲಿ ಸೇರಿಲ್ಲ!

ಅಷ್ಟನ್ನೂ ದೊಡ್ಡ ಕ್ಯಾನುಗಳಿಗೇ ತುಂಬಬೇಡಿ. ನಾನು ಆ ತಪ್ಪು ಮಾಡಿದ್ದೆ. 20 ಲೀಟರಿನ ಕ್ಯಾನ್ ಅಟ್ಟದ ಮೇಲಿತ್ತು. ಕರೆಂಟ್ ಹೋದ ರಾತ್ರಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸ್ಟೂಲ್ ಹತ್ತಿ ಎಳೆದೆ. ಕ್ಯಾನ್ ಜಗ್ಗಲಿಲ್ಲ, ಸ್ಟೂಲ್ ಜಗ್ಗಿತು. 20 ಲೀಟರ್ ನೀರು ಅಂದರೆ 20 ಕೆಜಿ, ಅಲ್ವಾ? ಈಗ ಎಲ್ಲಾ 5 ಲೀಟರಿನವು, ಸೊಂಟದೆತ್ತರದ ಕಪಾಟಿನಲ್ಲಿವೆ. ಮಗಳೂ ಎತ್ತುತ್ತಾಳೆ.

ಇನ್ನು ಕೆಡುವ ಮಾತು. ನೀರು ತಾನಾಗಿ ಕೆಡುವುದಿಲ್ಲ. ಪಾತ್ರೆಯಿಂದ, ನಮ್ಮ ಕೈಯಿಂದ ಕೊಳೆ ಸೇರುತ್ತದೆ. ಹಾಲು, ಜ್ಯೂಸ್ ಇದ್ದ ಬಾಟಲಿ ಬೇಡವೇ ಬೇಡ. ಎಷ್ಟು ತೊಳೆದರೂ ಅದರ ಅಂಶ ಉಳಿದು ಕ್ರಿಮಿ ಬೆಳೆಯುತ್ತದೆ. ಪೆಟ್ರೋಲ್, ಕೀಟನಾಶಕದ ಪಕ್ಕದಲ್ಲೂ ಇಡಬೇಡಿ, ಅದರ ಆವಿ ಪ್ಲಾಸ್ಟಿಕ್ ದಾಟಿ ಒಳಗೆ ಬರುತ್ತದೆ. ಮನೆಯಲ್ಲೇ ತುಂಬಿದ ನೀರನ್ನು 6 ತಿಂಗಳಿಗೊಮ್ಮೆ ಬದಲಿಸಿ. ಕ್ಯಾನಿನ ಮೇಲೆ ತಾರೀಖು ಬರೆದಿಡಿ, ನೆನಪಿರುತ್ತದೆ ಅನ್ನುವುದು ಸುಮ್ನೆ ಮಾತು. ಹಳೇ ನೀರು ಸಪ್ಪೆ ಅನ್ನಿಸಿದರೆ ಒಂದು ಲೋಟದಿಂದ ಇನ್ನೊಂದಕ್ಕೆ ನಾಲ್ಕು ಸಲ ಎತ್ತಿ ಸುರಿಯಿರಿ. ಗಾಳಿ ಬೆರೆತು ರುಚಿ ಬರುತ್ತದೆ.

ಅದೂ ಮುಗಿದರೆ? ಸಿಕ್ಕ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಯಲು ಬಿಡಿ. 2000 ಮೀಟರಿಗಿಂತ ಎತ್ತರದ ಊರಾದರೆ 3 ನಿಮಿಷ. ಎಣ್ಣೆ, ರಾಸಾಯನಿಕ ಬೆರೆತ ನೀರಿಗೆ ಮಾತ್ರ ಕುದಿಸಿಯೂ ಪ್ರಯೋಜನವಿಲ್ಲ, ಚೆಲ್ಲಿಬಿಡಿ.

ಮನೆಯಲ್ಲೇ ಇರುವ ಇನ್ನೊಂದು ದಾಸ್ತಾನನ್ನು ಜನ ಮರೆಯುತ್ತಾರೆ: ಗೀಸರ್ ಟ್ಯಾಂಕು. ಮೊದಲು ಸ್ವಿಚ್ ಆರಿಸಿ, ನೀರು ಒಳಬರುವ ವಾಲ್ವ್ ಮುಚ್ಚಿ. ತಣ್ಣಗಾದ ಮೇಲೆ ತಳದಿಂದ ಇಳಿಸಿಕೊಂಡು, ಇದನ್ನೂ ಕುದಿಸಿಯೇ ಕುಡಿಯಿರಿ. ಟ್ಯಾಂಕು ಮತ್ತೆ ತುಂಬುವ ತನಕ ಸ್ವಿಚ್ ಮುಟ್ಟಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ.